ಕಚ್ಚುವ ನಾಯಿಯೂ ಗೃಹಸ್ಥನ ದಯೆಯೂ

ಶಿವಭಕ್ತನ ನಡೆಯಲ್ಲಿ ದಯೆಯೇ ಮೊದಲನೆಯದೆಂಬುದನ್ನು ಬಲ್ಲವರು ಬಹುಮಂದಿ. ಆದರೆ ಬಸವಾದಿ ಪ್ರಮಥರು ದಯೆಯನ್ನು ಒಂಟಿಯಾಗಿ ಎಂದೂ ಬೋಧಿಸಿದವರಲ್ಲ. ಜೀವಮಾತ್ರದಲ್ಲಿ ಕನಿಕರವಿರಲೆಂದು ಸಾರಿದ ಆ ಮಹಾನುಭಾವರೇ ಅಸತ್ಯವನ್ನು ದೂರವಿಡಬೇಕೆಂದೂ, ನುಡಿಗೂ ನಡೆಗೂ ಅಂತರವಿರಬಾರದೆಂದೂ ವಿಧಿಸಿದರು. ದಯೆಯು ಸತ್ಯವನ್ನು ಬಿಟ್ಟು ಹೊರಟರೆ ಒಂಟಿಗಾಲಿಯ ಬಂಡಿಯಂತಾಗುವುದು. ಸ್ವಲ್ಪ ದೂರ ಉರುಳಿ ಹೇರಿದ ಸಾಮಾನನ್ನೇ ಕೆಡವುವುದು. ಬಹುಮಂದಿಗೆ ಅಲ್ಪವೆಂದು ತೋರುವ ಒಂದು ಕಾರ್ಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಹೊಡೆತ ತಿಂದು, ಕೈಬಿಡಲ್ಪಟ್ಟು, ಆಶ್ರಯಧಾಮವನ್ನು ಸೇರಿ, ಗುರುಗುಟ್ಟುವ, ನಡುಗುವ, ಒಮ್ಮೊಮ್ಮೆ ಕಚ್ಚುವ ನಾಯಿಯೊಂದಕ್ಕೆ ಹೊಸ ಮನೆಯನ್ನು ಹುಡುಕಿಕೊಡುವುದೇ ಆ ಕಾರ್ಯ.

ಮಠದ ಮಾಸಪತ್ರಿಕೆಯಲ್ಲಿ ನಾಯಿಯ ಪ್ರಸ್ತಾಪವೇತಕ್ಕೆಂದು ಕೆಲವರು ಹುಬ್ಬು ಗಂಟಿಕ್ಕಬಹುದು. ಅಂಥವರು ಹಾವಿನಹಾಳ ಕಲ್ಲಯ್ಯನವರ ಕಥೆಯನ್ನು ಸ್ಮರಿಸಲಿ. ಕುಲಮದದಿಂದ ಉಬ್ಬಿದವರ ಎದುರಿಗೆ ಆ ಶರಣರು ನಾಯಿಯ ಬಾಯಿಂದ ವೇದವನ್ನೋದಿಸಿದರೆಂದು ಪುರಾಣವು ಹೇಳುವುದು. ಕಾಲಭೈರವನ ವಾಹನವೂ ಅದೇ ಪ್ರಾಣಿಯೇ. ಸ್ವರ್ಗದ ಬಾಗಿಲಲ್ಲಿ ನಿಂತ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಟ್ಟು ರಥವನ್ನೇರಲಾರೆನೆಂದು ಇಂದ್ರನಿಗೇ ಉತ್ತರ ಕೊಟ್ಟುದನ್ನು ಎಲ್ಲರೂ ಬಲ್ಲರು.

ಆದರೆ ಮಹಾಭಾರತವು ನಾಯಿಯಿಂದ ಮುಗಿಯುವಂತೆ, ನಾಯಿಯಿಂದ ಆರಂಭವೂ ಆಗುತ್ತದೆಂಬುದನ್ನು ಗಮನಿಸುವವರು ಕಡಿಮೆ. ಆದಿಪರ್ವದಲ್ಲಿ ಜನಮೇಜಯನು ಕುರುಕ್ಷೇತ್ರದಲ್ಲಿ ಸತ್ರವನ್ನು ನಡೆಸುತ್ತಿರಲು, ದೇವಶುನಿಯಾದ ಸರಮೆಯ ಮರಿಯು ಅಲ್ಲಿಗೆ ಬಂದಿತು. ಅರಸನ ತಮ್ಮಂದಿರು ಅದನ್ನು ಹೊಡೆದರು. ಅದು ಅಳುತ್ತ ತಾಯಿಯ ಬಳಿಗೆ ಹೋಯಿತು. ನೀನೇನಾದರೂ ತಪ್ಪು ಮಾಡಿದೆಯೋ ಎಂದು ತಾಯಿ ಕೇಳಿದಳು. ಹವಿಸ್ಸನ್ನು ನೆಕ್ಕಲಿಲ್ಲ, ಕಣ್ಣೆತ್ತಿಯೂ ನೋಡಲಿಲ್ಲವೆಂದು ಮರಿಯು ಹೇಳಿತು. ಸರಮೆಯು ಯಜ್ಞಶಾಲೆಗೆ ಬಂದು, ತಪ್ಪಿಲ್ಲದೆ ಹೊಡೆಸಿದುದೇಕೆಂದು ಪ್ರಶ್ನಿಸಿದಳು. ಒಬ್ಬರೂ ಬಾಯಿ ತೆರೆಯಲಿಲ್ಲ. ಆಗ ಅವಳು, ಕಾಣದ ಕಡೆಯಿಂದ ನಿಮಗೆ ಭಯವೊದಗಲೆಂದು ಶಪಿಸಿ ಹೋದಳು. ಆ ಶಾಪದ ಸ್ವರೂಪವನ್ನು ವಿಚಾರಿಸಿ ನೋಡಬೇಕು. ಮರಣವನ್ನಲ್ಲ, ರಾಜ್ಯನಾಶವನ್ನಲ್ಲ, ಎಲ್ಲಿಂದ ಬರುವುದೆಂದು ತಿಳಿಯದ ಭಯವನ್ನೇ ಅವಳು ಕೊಟ್ಟಳು. ಹೊಡೆತ ತಿಂದ ನಾಯಿಯ ಒಡಲಲ್ಲಿ ಮನೆಮಾಡುವುದೂ ಅದೇ ಭಯವೇ.

ಲೋಕವು ದುಷ್ಟಸ್ವಭಾವವೆಂದು ಕರೆಯುವುದರಲ್ಲಿ ಹೆಚ್ಚಿನ ಭಾಗವು ಈ ಭಯವೇ ಆಗಿದೆ. ನಾಯಿಮರಿಯು ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕು ವಾರಗಳ ವರೆಗಿನ ಅವಧಿಯಲ್ಲಿ ಮನುಷ್ಯರ ಕೈ, ಮಕ್ಕಳ ಗದ್ದಲ, ಪಾತ್ರೆಯ ಸದ್ದು, ಬೀದಿಯ ಗಾಡಿ ಇವನ್ನೆಲ್ಲ ಕಂಡು ಇವು ತನ್ನವೇ ಎಂದು ತಿಳಿಯುತ್ತದೆ. ಆ ಕಾಲವು ಸರಪಳಿಯಲ್ಲಿಯೋ ಕತ್ತಲೆಯ ಕೊಟ್ಟಿಗೆಯಲ್ಲಿಯೋ ಕಳೆದುಹೋದರೆ ಮುಂದೆ ಎತ್ತಿದ ಕೈಯೆಲ್ಲವೂ ಅದಕ್ಕೆ ಹೊಡೆಯುವ ಕೈಯಾಗಿಯೇ ತೋರುವುದು. ಹಸಿವಿನಲ್ಲಿ ಬೆಳೆದ ನಾಯಿಯು ಉಣ್ಣುವಾಗ ಹತ್ತಿರ ಬಂದವರನ್ನು ಗದರಿಸುವುದು. ಬಿಟ್ಟುಹೋದವರನ್ನು ಒಮ್ಮೆ ಕಂಡ ನಾಯಿಯು ಮನೆಯವರು ಹೊರಗೆ ಹೊರಟರೆ ಬಾಗಿಲನ್ನು ಕೆರೆದು ಕೂಗುವುದು. ಇವು ಪಾಪಬುದ್ಧಿಯಿಂದ ಬಂದವಲ್ಲ, ಕಲಿತವು. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವುದನ್ನು ರಷ್ಯದ ಪಾವ್ಲೋವ್ ಎಂಬ ವಿಜ್ಞಾನಿಯು ತೋರಿಸಿಕೊಟ್ಟಂತೆ, ಒಂದರ ಬೆನ್ನಿಗೆ ಇನ್ನೊಂದು ಬರುವುದನ್ನು ಪ್ರಾಣಿಯು ಗಂಟುಹಾಕಿಕೊಳ್ಳುತ್ತದೆ. ಕೋಲಿನ ಹಿಂದೆ ನೋವು ಬಂದುದರಿಂದ ಅಂಜಿದ ಜೀವಕ್ಕೆ, ಕೋಲು ದೂರದಲ್ಲಿ ಕಂಡಾಗಲೆಲ್ಲ ರುಚಿಯಾದ ತುತ್ತು ದೊರೆಯುತ್ತ ಬಂದರೆ, ಹಳೆಯ ಗಂಟು ಮೆಲ್ಲಮೆಲ್ಲನೆ ಸಡಿಲವಾಗುವುದು. ಅದಕ್ಕೆ ವಾರಗಳು ಬೇಕು, ಕೆಲವೊಮ್ಮೆ ವರ್ಷಗಳು.

ಇದಕ್ಕೆ ದೇಶಾಂತರದ ಒಂದು ನಿದರ್ಶನವುಂಟು. ಅಮೆರಿಕದ ವರ್ಜೀನಿಯಾ ಸಂಸ್ಥಾನದ ಸರ್ರಿ ಎಂಬ ಜಿಲ್ಲೆಯಲ್ಲಿ, ಹೆಸರಾಂತ ಫುಟ್‌ಬಾಲ್ ಆಟಗಾರನಾದ ಮೈಕೆಲ್ ವಿಕ್ಕನ ಜಮೀನಿನಲ್ಲಿ ಪಣಕ್ಕಾಗಿ ನಾಯಿಗಳನ್ನು ಕಾದಾಡಿಸುತ್ತಿದ್ದುದು 2007ರ ಏಪ್ರಿಲ್ ತಿಂಗಳಲ್ಲಿ ಬಯಲಿಗೆ ಬಂದಿತು. ಸೋತ ನಾಯಿಗಳನ್ನು ಅಲ್ಲಿ ಕ್ರೂರವಾಗಿ ಕೊಂದಿದ್ದರು. ಆ ಕಾಲದವರೆಗಿನ ರೂಢಿಯಂತೆ, ಕಾದಾಟದಿಂದ ಬಿಡಿಸಿದ ನಾಯಿಗಳು ತಿದ್ದಲಾಗದವೆಂದು ಭಾವಿಸಿ ಕೊಲ್ಲುವುದೇ ವಾಡಿಕೆ. ಪ್ರಾಣಿದಯೆಗೆ ಹೆಸರಾದ ದೊಡ್ಡ ಸಂಘಗಳೂ ಅದನ್ನೇ ಹೇಳಿದುವು! ಆದರೆ ಈ ಸಲ ನ್ಯಾಯಾಲಯವು ಒಂದೊಂದು ನಾಯಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸಲು ಅವಕಾಶ ಕೊಟ್ಟಿತು. ತಜ್ಞರು 49 ನಾಯಿಗಳನ್ನು ಪರೀಕ್ಷಿಸಿದರು. ಆಕ್ರಮಣಶೀಲತೆಯ ಕಾರಣದಿಂದ ಕೊಲ್ಲಲೇಬೇಕೆಂದು ಕಂಡುಬಂದುದು ಒಂದೇ ಒಂದು. ಮಿಕ್ಕವುಗಳಲ್ಲಿ ಅನೇಕವು, ಮನುಷ್ಯನು ಸಮೀಪಿಸಿದೊಡನೆ ನೆಲಕ್ಕೆ ಅಂಟಿಕೊಂಡು ಕಣ್ಣನ್ನೂ ಎತ್ತದೆ ಮಲಗಿಬಿಡುತ್ತಿದ್ದುವು. ವ್ಯಾಘ್ರಗಳೆಂದು ಲೋಕವು ಹೆದರಿದ್ದ ಪ್ರಾಣಿಗಳು ಲೋಕಕ್ಕೇ ಹೆದರಿದ್ದುವು.

ಅವುಗಳ ಹಿತವನ್ನು ನೋಡಿಕೊಳ್ಳಲು ನ್ಯಾಯಾಲಯವು ರೆಬೆಕ್ಕಾ ಹಸ್ ಎಂಬ ಕಾನೂನು ಪ್ರಾಧ್ಯಾಪಕಿಯನ್ನು ನಿಯಮಿಸಿತು. ಪೋಷಣೆಯ ವೆಚ್ಚಕ್ಕಾಗಿ ಅಪರಾಧಿಯಿಂದ ಸುಮಾರು 9 ಲಕ್ಷ 28 ಸಾವಿರ ಡಾಲರುಗಳನ್ನು ಕೊಡಿಸಿತು. 22 ನಾಯಿಗಳು ಯೂಟಾ ಸಂಸ್ಥಾನದ ಕನಾಬ್ ಊರಿನ ಬಳಿಯಿರುವ ಬೆಸ್ಟ್ ಫ್ರೆಂಡ್ಸ್ ಎಂಬ ಆಶ್ರಯಧಾಮಕ್ಕೂ, ಉಳಿದವು ಬೇರೆ ಸಂಘಗಳಿಗೂ ಹೋದುವು. ಅವುಗಳಲ್ಲಿ ಜಾನಿ ಜಸ್ಟಿಸ್ ಎಂದು ಹೆಸರಾದ ಒಂದು ನಾಯಿಯು ಸಾನ್‌ಫ್ರಾನ್ಸಿಸ್ಕೋ ನಗರದಲ್ಲಿ ಒಂದು ಮನೆಯನ್ನು ಸೇರಿ ಪಳಗಿತು. ಓದಲು ತಡವರಿಸುವ ಮಕ್ಕಳು ಅದರ ಪಕ್ಕದಲ್ಲಿ ಕುಳಿತು ಗಟ್ಟಿಯಾಗಿ ಪಾಠವನ್ನೋದುತ್ತಿದ್ದರು. ಅದು ಸುಮ್ಮನೆ ಕೇಳುತ್ತಿದ್ದಿತು. ತಪ್ಪೋದಿದರೂ ನಗದ, ಗದರಿಸದ ಶ್ರೋತೃವು ಮಕ್ಕಳಿಗೆ ಬೇರೆಲ್ಲಿ ದೊರಕೀತು? ಉಪಾಧ್ಯಾಯರಾದವರು ಇದನ್ನು ಕೇಳಿ ಸ್ವಲ್ಪ ನಾಚಬೇಕಾದುದೂ ಉಂಟು.

ಆದರೆ ಈ ಕಥೆಯಲ್ಲಿ ಹಿಡಿಯಬೇಕಾದ ಎಳೆ ಬೇರೆ. ಆ ನಾಯಿಗಳನ್ನು ಕೊಟ್ಟವರು ಅವುಗಳ ಪೂರ್ವವೃತ್ತಾಂತದಲ್ಲಿ ಒಂದಕ್ಷರವನ್ನೂ ಮುಚ್ಚಲಿಲ್ಲ. ಯಾವುದು ಇತರ ನಾಯಿಗಳನ್ನು ಸಹಿಸದು, ಯಾವುದು ಅಪರಿಚಿತರಿಗೆ ಅಂಜುವುದು ಎಂಬುದನ್ನೆಲ್ಲ ಬರೆದಿಟ್ಟರು. ಹಲವು ನಾಯಿಗಳು ಸದ್ವರ್ತನೆಯ ಪರೀಕ್ಷೆಯಲ್ಲಿ ತೇರ್ಗಡೆಯಾದಮೇಲೆಯೇ, ಆರು ತಿಂಗಳು ಪರೀಕ್ಷಾರ್ಥವಾಗಿ ಮನೆಯಲ್ಲಿದ್ದಮೇಲೆಯೇ, ಆ ಮನೆಯವುಗಳಾದುವು. ಸತ್ಯದ ದಾರಿ ಉದ್ದವಾದುದು. ಆದರೆ ನಡುವೆ ಕಡಿದುಹೋಗುವುದಿಲ್ಲ.

ಇಲ್ಲಿ ನಡೆಯುವುದು ಬಹಳ ಸಲ ಇದಕ್ಕೆ ವಿರುದ್ಧವಾಗಿ. ಆಶ್ರಯಧಾಮದಲ್ಲಿ ನಾಯಿಗಳು ತುಂಬಿವೆ, ಅನ್ನಕ್ಕೂ ಆಳಿಗೂ ಕೊರತೆ. ಮಗುವಿನ ಆಸೆಗಾಗಿ ನಾಯಿಯನ್ನು ಬೇಡಿ ಗೃಹಸ್ಥನೊಬ್ಬನು ಬರುತ್ತಾನೆ. ಆಗ ಕೊಡುವವನ ಮನಸ್ಸಿನಲ್ಲಿ ಒಂದು ಆಲೋಚನೆಯು ಸುಳಿಯುವುದು: ಇದು ಉಣ್ಣುವಾಗ ಕಚ್ಚುವುದೆಂದು ಹೇಳಿದರೆ ಇವರು ಒಯ್ಯಲಾರರು, ಹೇಳದಿದ್ದರೆ ಒಂದು ಜೀವಕ್ಕೆ ಮನೆಯಾಯಿತು. ಇದನ್ನು ಅವನು ದಯೆಯೆಂದೇ ನಂಬಿರುತ್ತಾನೆ. ಹತ್ತನೆಯ ದಿನ ಆ ಮನೆಯ ಮಗುವು ಆಡುತ್ತಾಡುತ್ತ ಅದರ ತಟ್ಟೆಗೆ ಕೈಹಾಕುವುದು. ಮಗುವಿನ ಕೆನ್ನೆಯ ಗಾಯ ಮಾಯಬಹುದು. ನಾಯಿಗಾದರೋ ಇನ್ನಾರೂ ಬಾಗಿಲು ತೆರೆಯಲಾರರು. ಒಂದು ಸುಳ್ಳಿಗೆ ಎರಡು ಜೀವಗಳು ಬೆಲೆ ತೆತ್ತಂತಾಯಿತು. ದೋಷವನ್ನು ಬಚ್ಚಿಟ್ಟು ಎತ್ತನ್ನು ಮಾರಿದವನನ್ನು ಸಂತೆಯಲ್ಲಿ ಮೋಸಗಾರನೆನ್ನುವರು. ಇಲ್ಲಿ ಹಣವಿಲ್ಲವೆಂಬ ಕಾರಣಕ್ಕೆ ಅದೇ ಕೃತ್ಯವು ಪುಣ್ಯವಾಗಲಾರದು.

ಹಾಗಾದರೆ ಹೇಗೆ ನುಡಿಯಬೇಕು? "ಅಪ್ಪಾ, ಇದು ಒಳ್ಳೆಯ ಜೀವ. ಹೆಂಗಸರ ಬಳಿ ಬೇಗ ಹೊಂದಿಕೊಳ್ಳುತ್ತದೆ. ಆದರೆ ಕೋಲು ಹಿಡಿದ ಗಂಡಸರನ್ನು ಕಂಡರೆ ಬೊಗಳುತ್ತದೆ. ಉಣ್ಣುವಾಗ ಹತ್ತಿರ ಹೋದರೆ ಒಮ್ಮೆ ಕಚ್ಚಿದೆ. ತಮ್ಮ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಇದು ಬೇಡ, ಬೇರೊಂದನ್ನು ತೋರಿಸುತ್ತೇನೆ" ಎಂದು ಬಿಚ್ಚಿ ಹೇಳಬೇಕು. ಹೀಗೆ ಹೇಳಿದರೆ ಹತ್ತು ಮಂದಿ ಹಿಂದಿರುಗಬಹುದು. ಮಕ್ಕಳು ದೊಡ್ಡವರಾಗಿ ದೂರ ಹೋದ, ಹಿತ್ತಲೂ ಬಿಡುವೂ ಉಳ್ಳ ಹನ್ನೊಂದನೆಯ ದಂಪತಿಗಳು ಆಲೋಚಿಸಿ ಒಪ್ಪಿಯಾರು. ಆ ನಾಯಿಗೆ ಬೇಕಾದುದು ಹನ್ನೊಂದು ಮನೆಗಳಲ್ಲ, ಅದಕ್ಕೆ ತಕ್ಕ ಒಂದೇ ಮನೆ.

ಒಯ್ಯುವವನಿಗೂ ಸತ್ಯವು ಬೇಕು. ತನ್ನ ಬಿಡುವೆಷ್ಟು, ತಾಳ್ಮೆಯೆಷ್ಟು, ಮನೆಯ ಹೆಂಗಸರ ಸಮ್ಮತಿಯುಂಟೋ ಎಂಬುದನ್ನು ಅವನು ಮೊದಲು ತನ್ನನ್ನೇ ಕೇಳಿಕೊಳ್ಳಬೇಕು. ನಾಯಿಗೆ ಅನ್ನವಿಕ್ಕುವ ಕೆಲಸವು ಕೊನೆಗೆ ಯಾರ ಪಾಲಿಗೆ ಬೀಳುವುದೆಂದು ಎಲ್ಲರಿಗೂ ಗೊತ್ತು! ಭಕ್ತರ ಮನೆಗಳಲ್ಲಿ ಆಹಾರದ ಸಂದೇಹವೊಂದು ಬರುವುದು ಸಹಜ. ನಾಯಿಯು ಬೆಕ್ಕಿನಂತಲ್ಲ; ಸರಿಯಾಗಿ ಹೊಂದಿಸಿದ ಶಾಕಾಹಾರದಿಂದಲೂ ಅದು ಆರೋಗ್ಯವಾಗಿರಬಲ್ಲುದು. ಆದರೆ ಬರಿಯ ಅನ್ನ ಮಜ್ಜಿಗೆ, ಮಿಕ್ಕ ರೊಟ್ಟಿಗಳಿಂದ ಸಾಲದು. ಈರುಳ್ಳಿ ಬೆಳ್ಳುಳ್ಳಿ ಬೆರೆತ ಸಾರು ಅದಕ್ಕೆ ವಿಷಪ್ರಾಯ. ಪಶುವೈದ್ಯರನ್ನು ಕೇಳಿಯೇ ನಿಶ್ಚಯಿಸತಕ್ಕದ್ದು.

ಮನೆಗೆ ತಂದ ದಿನ ನೆರೆಹೊರೆಯವರನ್ನೆಲ್ಲ ಕರೆದು ತೋರಿಸುವುದು ತಪ್ಪು. ಪಡಸಾಲೆಯ ಒಂದು ಮೂಲೆಯಲ್ಲಿ ಹಾಸಿಗೆಯನ್ನೂ ನೀರನ್ನೂ ಇಟ್ಟು, ತಾನಾಗಿ ಬರುವವರೆಗೆ ಸುಮ್ಮನಿರಬೇಕು. ಮೂರು ದಿನಗಳಲ್ಲಿ ಭಯವು ತುಸು ಇಳಿಯುವುದು, ಮೂರು ವಾರಗಳಲ್ಲಿ ಮನೆಯ ಕ್ರಮವು ತಿಳಿಯುವುದು, ಮೂರು ತಿಂಗಳುಗಳಲ್ಲಿ ಇದು ತನ್ನ ಮನೆಯೆಂಬ ಭಾವವು ಬರುವುದೆಂದು ಅನುಭವಿಗಳು ಲೆಕ್ಕ ಹೇಳುವರು. ಇದು ಪಂಚಾಂಗವಲ್ಲ, ಅಳತೆಗೋಲು ಮಾತ್ರ. ಒಂದೇ ವೇಳೆಗೆ ಅನ್ನ, ಒಂದೇ ವೇಳೆಗೆ ತಿರುಗಾಟ. ತಟ್ಟೆಯನ್ನು ಕಾಯುವ ನಾಯಿಯ ತಟ್ಟೆಯನ್ನು ಕಿತ್ತು ಯಜಮಾನಿಕೆಯನ್ನು ಸ್ಥಾಪಿಸಲು ಹೋದರೆ ಅದರ ಸಂಶಯವೇ ನಿಜವಾದಂತಾಗುವುದು. ದೂರದಲ್ಲಿ ಹಾದುಹೋಗುತ್ತ ಇನ್ನೂ ರುಚಿಯಾದುದನ್ನು ಎಸೆದುಹೋಗುವವನು, ಬರುವ ಮನುಷ್ಯನು ಕಸಿಯಲು ಬರುವವನಲ್ಲವೆಂದು ಅದಕ್ಕೆ ಮಾತಿಲ್ಲದೆ ತಿಳಿಸುವನು. ಅಪರಿಚಿತರ ನಡುವೆ ಹೋಗುವಾಗ, ಕಣದಲ್ಲಿ ಎತ್ತಿಗೆ ಬಾಯಿಕುಕ್ಕೆ ಹಾಕುವಂತೆ, ಗಾಳಿಯಾಡುವ ಕುಕ್ಕೆಯನ್ನು ಮೊದಲೇ ಅಭ್ಯಾಸಮಾಡಿಸಿ ಹಾಕುವುದರಲ್ಲಿ ಹಿಂಸೆಯೇನೂ ಇಲ್ಲ. ದೀಪಾವಳಿಯ ಪಟಾಕಿಯ ರಾತ್ರಿಗಳಲ್ಲಿ ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದರ ಬಳಿ ಯಾರಾದರೊಬ್ಬರು ಕುಳಿತಿರಬೇಕು.

ಗುರುಗುಟ್ಟಿದ ನಾಯಿಗೆ ಪೆಟ್ಟು ಕೊಡುವುದು ಎಲ್ಲೆಡೆಯೂ ಕಾಣುವ ಅವಿವೇಕ. ಗುರುಗುಟ್ಟುವುದು ನಾಯಿಯ ಸತ್ಯವಚನ. ಹತ್ತಿರ ಬರಬೇಡ, ಅಂಜಿಕೆಯಾಗುತ್ತಿದೆಯೆಂದು ಅದು ಹೇಳುತ್ತಿದೆ. ಹೊಡೆದು ಆ ಮಾತನ್ನು ನಿಲ್ಲಿಸಬಹುದು, ಅಂಜಿಕೆಯನ್ನು ನಿಲ್ಲಿಸಲಾಗದು. ಮುಂದೆ ಅದು ಎಚ್ಚರಿಕೆ ಕೊಡದೆಯೇ ಕಚ್ಚುವುದು. ಗಂಟೆಯ ನಾಲಗೆಯನ್ನು ಕಿತ್ತುಹಾಕಿದ ಮಾತ್ರಕ್ಕೆ ಊರಿಗೆ ಬಿದ್ದ ಬೆಂಕಿ ಆರುವುದುಂಟೇ? ಪ್ರಾಣಿಗಳ ವರ್ತನೆಯನ್ನು ಅಭ್ಯಸಿಸಿದ ಅಮೆರಿಕದ ಪಶುವೈದ್ಯರ ಸಂಘವು 2021ರಲ್ಲಿ, ಶಿಕ್ಷೆಯ ಮಾರ್ಗವನ್ನು ಬಿಟ್ಟು ಬಹುಮಾನದ ಮಾರ್ಗವನ್ನೇ ಹಿಡಿಯಬೇಕೆಂದು ಸ್ಪಷ್ಟವಾಗಿ ಘೋಷಿಸಿತು.

ಕರುಣೆಯ ಹೆಸರಿನಲ್ಲಿ ಮನುಷ್ಯರ ಸುರಕ್ಷತೆಯನ್ನು ಮರೆಯುವುದೂ ಸಲ್ಲದು. ಹುಚ್ಚುನಾಯಿ ರೋಗದಿಂದ ಲೋಕದಲ್ಲಿ ಸಾಯುವವರಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ಜನರು ಭಾರತದವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಲಸಿಕೆ ಹಾಕಿಸದ ನಾಯಿಯನ್ನು ಮನೆಗೆ ಕೊಡಕೂಡದು, ತರಕೂಡದು. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ವೈದ್ಯರ ಬಳಿಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿಗಳ ಚಿಕಿತ್ಸೆಯನ್ನು ಇನ್ನಾದರೂ ಬಿಡಲಿ.

ಎಲ್ಲವನ್ನೂ ಮಾಡಿದ ಮೇಲೂ ಹೊಂದಿಕೆಯಾಗದಿರುವುದುಂಟು. ಆಗ ಕೆಲವರು ನಾಯಿಯನ್ನು ಗೋಣಿಚೀಲದಲ್ಲಿ ತುಂಬಿ ಪರವೂರಿನ ದಾರಿಯಲ್ಲಿ ಬಿಟ್ಟುಬರುವರು. ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತ್ಯಜಿಸುವುದು 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಂತೆ ಅಪರಾಧ. ಕಾಯಿದೆಯಿಲ್ಲದಿದ್ದರೂ ಭಕ್ತನು ಮಾಡತಕ್ಕ ಕೆಲಸವಲ್ಲ. ತಂದಲ್ಲಿಗೇ ಒಯ್ದು, ಇಂತಿಂಥ ದಿನ ಹೀಗಾಯಿತೆಂದು ಇದ್ದುದನ್ನು ಇದ್ದಂತೆ ತಿಳಿಸಿ ಒಪ್ಪಿಸಬೇಕು. ಹಿಂದಿರುಗಿ ತಂದವನನ್ನು ಆಶ್ರಯಧಾಮದವರು ಹಳಿಯಬಾರದು. ಹಳಿದರೆ ಮುಂದಿನವನು ಗೋಣಿಚೀಲವನ್ನೇ ಹುಡುಕುವನು. ಅವನು ತಂದ ವೃತ್ತಾಂತವು ಎರಡನೆಯ ಮನೆಯನ್ನು ಆರಿಸಲು ದಾರಿದೀಪವಾಗುವುದು.

ಯಾವ ಮನೆಗೂ ಕೊಡಲಾಗದ ನಾಯಿಗಳೂ ಇರುತ್ತವೆ. ಕನಾಬಿಗೆ ಹೋದ ಇಪ್ಪತ್ತೆರಡರಲ್ಲಿ ಎರಡು ನಾಯಿಗಳು ಆಜೀವಪರ್ಯಂತ ಅಲ್ಲಿಯೇ ಇರತಕ್ಕದ್ದೆಂದು ನ್ಯಾಯಾಲಯದ ಆಜ್ಞೆಯಿತ್ತು. ಅವುಗಳಲ್ಲಿ ಮೆರಿಲ್ ಎಂಬ ಹೆಣ್ಣುನಾಯಿಯು ಅಪರಿಚಿತರನ್ನು ಕಂಡರೆ ಎರಗುವಂಥದು. ಅದನ್ನು ಯಾರಿಗೂ ಕೊಡಲಿಲ್ಲ, ಕೊಲ್ಲಲೂ ಇಲ್ಲ. ಅದು ನಂಬಿದ ಕೆಲವೇ ಮಂದಿ ಅದಕ್ಕೆ ಅನ್ನವಿಟ್ಟು, ಅದರ ಗೂಡನ್ನು ತೊಳೆದು, ಅದರ ಬಳಿ ಕುಳಿತು ಬರುತ್ತಿದ್ದರು.