ಎತ್ತಿನ ಸೋಮವಾರ, ನಮ್ಮ ಐತವಾರ

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಸಂಪಗಾಂವ, ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ಎರೆಭೂಮಿಯ ಸೀಮೆಯಲ್ಲೆಲ್ಲ ಹಿರಿಯರು ನಡೆಸಿಕೊಂಡು ಬಂದ ರೂಢಿ ಅದು. ಬಿತ್ತಿಗೆಯ ಹದ ಆರುತ್ತಿರಲಿ, ನಾಳೆ ಮಳೆ ಹಿಡಿದೀತೆಂಬ ಅಂಜಿಕೆ ಇರಲಿ, ಸೋಮವಾರ ಬಸವಣ್ಣನ ವಾರ. ಅಂದು ಗಳೆ ಹೊಡೆಯುವ ಮಾತಿಲ್ಲ. ಮೈ ತೊಳೆದು, ಮೇವು ಹಾಕಿ, ನೆರಳಿಗೆ ಕಟ್ಟುತ್ತಾರೆ. ಎತ್ತು ದಣಿದಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ಈ ರೂಢಿಯಲ್ಲಿ ನನಗೆ ಬಹಳ ದೊಡ್ಡದಾಗಿ ಕಾಣುವುದು ಇದೇ. ಹೋದ ವಾರ ಎಷ್ಟು ಎಕರೆ ಉತ್ತಿತು ಎಂಬ ಲೆಕ್ಕ ತೆಗೆದು ಅದಕ್ಕೆ ಬಿಡುವು ಕೊಡುವುದಿಲ್ಲ. ಇವತ್ತು ನಿಂತರೆ ಮಂಗಳವಾರ ಇನ್ನಷ್ಟು ಎಳೆದೀತು ಎಂಬ ಹಂಚಿಕೆಯನ್ನೂ ಯಾರೂ ಬಾಯಿಬಿಟ್ಟು ಹೇಳಿದ್ದು ಕೇಳಿಲ್ಲ. ಆ ದಿನ ಅದರದು, ಅಷ್ಟೆ. ಈಗ ಹೊಲಕ್ಕೆ ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರ ಗೊತ್ತಿಲ್ಲ, ಅದರ ಸಾಲದ ಕಂತಿಗಂತೂ ಯಾವ ವಾರವೂ ಗೊತ್ತಿಲ್ಲ.

ಗಿರಣಿಯ ಮನುಷ್ಯನಿಗೆ ವಾರದ ಬಿಡುವು ಇಷ್ಟು ಸಲೀಸಾಗಿ ಸಿಗಲಿಲ್ಲ. ನಮ್ಮ ಬೆಳಗಾವಿ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ, ಮುಂಬಯಿಯ ಬಟ್ಟೆ ಗಿರಣಿಗಳ ಕೆಲಸಗಾರರು ವಾರಕ್ಕೊಂದು ನಿಶ್ಚಿತ ರಜೆಯೂ ಇಲ್ಲದೆ ದುಡಿಯುತ್ತಿದ್ದರು. ಜೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಆ ಕೆಲಸಗಾರರನ್ನು ಕೂಡಿಸಿ ಭಾನುವಾರದ ರಜೆ ಕೇಳಿದರು. ಮಾಲೀಕರು ಒಪ್ಪಿಕೊಂಡದ್ದು 1890ರ ಜೂನ್ 10ರಂದು. ಒಂದು ದಿನ ಸುಮ್ಮನೆ ಕೂಡುವ ಹಕ್ಕಿಗಾಗಿ ಆರು ವರ್ಷ! ಇಂದು ಕ್ಯಾಲೆಂಡರಿನಲ್ಲಿ ಕೆಂಪು ಅಂಕಿ ಕಂಡಾಗ ಲೋಖಂಡೆಯವರನ್ನು ನೆನೆಯುವವರು ಎಷ್ಟು ಮಂದಿ? ಕರ್ನಾಟಕದ ಸರಕಾರಿ ಕಚೇರಿಗಳಿಗೆ ಎರಡನೆಯ ಶನಿವಾರದ ಜೊತೆ ನಾಲ್ಕನೆಯ ಶನಿವಾರವೂ ರಜೆಯಾದದ್ದು 2019ರಲ್ಲಿ. ಹೀಗೆ ತಿಂಗಳಿಗೆ ಎರಡು ಸಲ ಎರಡೆರಡು ದಿನ ಜೋಡಿಯಾಗಿ ಕೈಗೆ ಬರುತ್ತವೆ. ಅವುಗಳನ್ನು ನಾವು ಏನು ಮಾಡುತ್ತಿದ್ದೇವೆ ಎಂಬುದೇ ನನ್ನ ಚಿಂತೆ.

ಬಳಗದ ಹುಡುಗನೊಬ್ಬ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸಕ್ಕಿದ್ದಾನೆ. ಅಲ್ಲಿಯ ಭಾನುವಾರದ ಬಗ್ಗೆ ಅವನು ಹೇಳುವುದನ್ನು ಕೇಳುವುದೆಂದರೆ ನನಗೆ ಬಹಳ ಇಷ್ಟ. ಅಂಗಡಿಗಳೆಲ್ಲ ಮುಚ್ಚಿರುತ್ತವೆ. 1919ರ ವೈಮಾರ್ ಸಂವಿಧಾನದಲ್ಲಿ ಭಾನುವಾರವನ್ನು ದುಡಿಮೆಯಿಂದ ಬಿಡುವಿನ ದಿನ, ಮನಸ್ಸು ಮೇಲೇರುವ ದಿನ ಎಂದು ಬರೆದಿದ್ದರು. ಆ ಕಲಮನ್ನು ಈಗಿನ ಜರ್ಮನ್ ಸಂವಿಧಾನವೂ ಹಾಗೆಯೇ ಉಳಿಸಿಕೊಂಡಿದೆ. "ಏನೂ ಗೊತ್ತು ಮಾಡಿರಂಗಿಲ್ಲ ಕಾಕಾ. ಎದ್ದಾಗ ಎದ್ದು ಇಸಾರ್ ಹೊಳಿ ದಂಡಿಗೆ ಹೋಗಿ ಕುಂದರತೇವಿ. ಊರು ಪರಿಚಯ ಆಗೇತಿ, ನೋಡೂದು ಏನೂ ಉಳಿದಿಲ್ಲ, ಅದಕ್ಕ ಚಲೋ ಅನಸ್ತೈತಿ" ಅನ್ನುತ್ತಾನೆ. ಅದೇ ಹುಡುಗ ಊರಿಗೆ ಬಂದರೆ ಫೋನಿನಲ್ಲಿ ಪಟ್ಟಿ ಸಿದ್ಧವಾಗಿರುತ್ತದೆ. ಮುಂಜಾನೆ ಕಿತ್ತೂರು ಕೋಟೆ, ಅಲ್ಲಿಂದ ಸೊಗಲದ ಸೋಮೇಶ್ವರ, ಮಧ್ಯಾಹ್ನ ನವಿಲುತೀರ್ಥ, ಇಳಿಹೊತ್ತಿಗೆ ಎಲ್ಲಮ್ಮನ ಗುಡ್ಡ, ಆದರೆ ಶಿರಸಂಗಿಯ ಕಾಳಮ್ಮ, ಆಗದಿದ್ದರೆ ಮರುದಿನ ರಾಮದುರ್ಗದ ಹಾದಿಯಲ್ಲಿ ಗೊಡಚಿ, ಶಬರಿಕೊಳ್ಳ. ಪಾಪ, ರಜೆ ಕಡಿಮೆ, ಬಳಗ ದೊಡ್ಡದು. ಅವನನ್ನು ದೂರುವ ಮನಸ್ಸು ನನಗಿಲ್ಲ. ಆದರೂ ಪರದೇಶದ ಹೊಳೆಯ ದಂಡೆಯಲ್ಲಿ ಕೂಡಲು ಬಂದವನಿಗೆ ತನ್ನ ಮಲಪ್ರಭೆಯ ದಂಡೆಯಲ್ಲಿ ಕೂಡಲು ಬರದಂತಾಯಿತಲ್ಲ ಎಂದು ಒಳಗೆ ನೋಯುತ್ತದೆ.

ನಾನಿರುವುದು ಧಾರವಾಡದಲ್ಲಿ, ಅಣ್ಣನ ಮನೆ ಬೈಲಹೊಂಗಲದಲ್ಲಿ. ಹಿಂಗಾರಿ ಜೋಳ ತೆನೆ ಬಿಟ್ಟು ಹಾಲುಗಾಳು ತುಂಬುವ ಹೊತ್ತಿಗೆ, ಒಂದು ಶನಿವಾರ ಯಾವ ಕೆಲಸವೂ ಇಲ್ಲದೆ ಬಸ್ಸು ಹತ್ತಿದೆ. ಲಗ್ನವಿರಲಿಲ್ಲ, ಜಾತ್ರೆಯಿರಲಿಲ್ಲ, ಹೊಲದ ಉತಾರ ತೆಗೆಸುವುದಿರಲಿಲ್ಲ. ಸ್ಟ್ಯಾಂಡಿನಲ್ಲಿ ಇಳಿದಾಗ ಪರಿಚಯದವರೊಬ್ಬರು, "ಏನ್ರಿ, ಯಾವಾಗ ಬಂದ್ರಿ? ಏನ್ ಕೆಲಸ ತಗದಿದ್ರಿ?" ಎಂದು ಕೇಳಿದರು. "ಏನಿಲ್ರಿ, ಹಂಗ ಬಂದೀನಿ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಮನೆಯಲ್ಲಿ ಎಲ್ಲರೂ ಆರಾಮ ಇದ್ದಾರೆಯೇ ಎಂದು ಎರಡು ಸಲ ಕೇಳಿ, ಚಹಾ ಕುಡಿಸಿದ ಮೇಲೆಯೇ ಬಿಟ್ಟರು. ಕಾರಣವಿಲ್ಲದೆ ಮನುಷ್ಯ ಊರಿಗೆ ಬಂದರೆ ಏನೋ ಕೆಟ್ಟದ್ದು ನಡೆದಿರಬೇಕು ಎಂಬ ಆತಂಕ ಅವರ ಮುಖದಲ್ಲಿತ್ತು. ಆ ಆತಂಕ ಪ್ರೀತಿಯದೇ.

ಗೊತ್ತಿರುವ ಊರಿನ ದೊಡ್ಡ ಉಪಕಾರವೆಂದರೆ ಅದು ನಮ್ಮಿಂದ ಏನನ್ನೂ ಕೇಳುವುದಿಲ್ಲ. ಹೊಸ ಊರಿನಲ್ಲಿ ಕಣ್ಣು ಕೆಲಸದಲ್ಲಿರುತ್ತದೆ. ದಾರಿ ಹುಡುಕಬೇಕು, ದರ ಕೇಳಬೇಕು, ನೋಡದೆ ಉಳಿದದ್ದೇನೋ ಎಂದು ಹಳಹಳಿಸಬೇಕು. ಬೈಲಹೊಂಗಲದ ಪೇಟೆಯಲ್ಲಿ ನನಗೆ ಆ ಯಾವ ಚಾಕರಿಯೂ ಇಲ್ಲ. ಕಾಲು ಹೋದತ್ತ ಹೋದೆ. ಚುರುಮರಿ ಅಂಗಡಿಯವರು ಗಿರಮಿಟ್ಟಿಗೆ ಈರುಳ್ಳಿ ಹೆಚ್ಚುವುದನ್ನು ನೋಡುತ್ತ ನಿಂತೆ. ಕಬ್ಬು ಹೇರಿಕೊಂಡು ಸಾಲಾಗಿ ಹೋಗುವ ಟ್ರ್ಯಾಕ್ಟರುಗಳಿಗೆ ದಾರಿ ಬಿಟ್ಟೆ. ಇಳಿಹೊತ್ತಿಗೆ ಸಂಪಗಾಂವದ ಬಸ್ಸು ಎದುರಿಗೇ ನಿಂತಿತ್ತು, ಹತ್ತಿದೆ.

ಸಂಪಗಾಂವ ಈಗ ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಬ್ರಿಟಿಷರ ಕಾಲದಲ್ಲಿ ತಾಲೂಕಿಗೇ ಅದರ ಹೆಸರಿತ್ತು. ಹಳೆಯ ಗೆಜೆಟಿಯರುಗಳಲ್ಲಿ ನಮ್ಮ ಹಳ್ಳಿಗಳನ್ನೆಲ್ಲ ಸಂಪಗಾಂವ ತಾಲೂಕಿನ ಕೆಳಗೇ ಹುಡುಕಬೇಕು. ಕಚೇರಿ, ಅಧಿಕಾರ, ಹೆಸರು ಎಲ್ಲ ಆಚೆ ಹೋದ ಮೇಲೂ ಊರು ತನ್ನ ಪಾಡಿಗೆ ತಾನಿದೆ. ಹಳೆಯ ಕಲ್ಲಿನ ಮಸೀದಿ ಇದೆ, ಸುತ್ತಲೂ ಕರಿ ಹೊಲಗಳಿವೆ. ಏನಾದರೂ ಆಗಬೇಕೆಂಬ ಹಟ ಬಿಟ್ಟ ಊರಿನಲ್ಲಿ ನಡೆದಾಡುವಾಗ ಮನುಷ್ಯನಿಗೂ ಆ ಹಟ ಸ್ವಲ್ಪ ಸಡಿಲಾಗುತ್ತದೆ. ಹೊಲವೊಂದರಲ್ಲಿ ಸೀತನಿ ಸುಡುತ್ತಿದ್ದರು. ಗುರುತಿಲ್ಲದ ನನ್ನನ್ನೂ ಕರೆದು ಕೂಡಿಸಿದರು. ಕೆಂಡದಲ್ಲಿ ಸುಟ್ಟ ಎಳೆ ತೆನೆಯನ್ನು ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬಿಸಿ ಕಾಳಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವ ಸುಖವನ್ನು ತಿಂಗಳ ಮೊದಲೇ ತಾರೀಖು ಹಾಕಿ ಇಟ್ಟುಕೊಳ್ಳಲಾಗದು. ಹಾಲುಗಾಳಿನ ಹದ ಕೆಲವೇ ದಿನ ಇರುತ್ತದೆ. ತಡವಾದರೆ ಕಾಳು ಬಲಿತು ಬರಿಯ ಜೋಳವಾಗುತ್ತದೆ. ನಮ್ಮ ಅನುಕೂಲಕ್ಕೆ ಅದು ಕಾಯುವುದಿಲ್ಲ, ನಾವೇ ಅದರ ಹೊತ್ತಿಗೆ ಅಲ್ಲಿರಬೇಕು.

ಕಿತ್ತೂರಿನ ಅರಮನೆಯ ಅವಶೇಷಗಳಲ್ಲಿ ಧ್ರುವ ನಕ್ಷತ್ರ ನೋಡಲೆಂದು ಕೂಡಿಸಿದ ಕಿಂಡಿಯೊಂದಿದೆ. ಕೋಟೆಗೆ ಬಂದವರೆಲ್ಲ ಅದರಲ್ಲಿ ಕಣ್ಣಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ಹಗಲು ಬಂದು ಹೋಗುವವರಿಗೆ ಅಲ್ಲಿ ಕಾಣುವುದು ಒಂದು ತುಣುಕು ಬೆಳಕು ಮಾತ್ರ. ಅದನ್ನು ಕೂಡಿಸಿದವರು ಇರುಳಾಗುವುದನ್ನು ಕಾದು ಕೂತವರು. ನಮ್ಮ ಹಿರಿಯರ ಪ್ರವಾಸವೂ ಹೀಗೆ ಕಾಯುವುದರಲ್ಲೇ ನಡೆಯುತ್ತಿತ್ತು. ಬನದ ಹುಣ್ಣಿಮೆಗೋ ಭಾರತ ಹುಣ್ಣಿಮೆಗೋ ಚಕ್ಕಡಿ ಹೂಡಿಕೊಂಡು ಎಲ್ಲಮ್ಮನ ಗುಡ್ಡಕ್ಕೆ ಹೊರಟರೆ ಎತ್ತು ನಡೆದಷ್ಟೇ ದಾರಿ. ಜೋಗುಳಬಾವಿಯಲ್ಲಿ ಇಳಿದು ಮೈ ತೊಳೆದು, ಗಿಡದ ಬುಡಕ್ಕೆ ಮೂರು ಕಲ್ಲು ಇಟ್ಟು ಹೋಳಿಗೆ, ಕಡುಬು ಮಾಡಿ ಉಂಡು, ಮಾತಾಡುತ್ತ ಮಲಗಿದರೆ ಅದೂ ದೇವರ ಕಾರ್ಯವೇ ಆಗಿತ್ತು. ದರ್ಶನ ಎಷ್ಟು ನಿಮಿಷದಲ್ಲಾಯಿತು ಎಂದು ಹಿಂದಿರುಗಿ ಬಂದವರನ್ನು ಯಾರೂ ಕೇಳುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಎದುರಾಗುವ ಪ್ರಶ್ನೆ ಗೊತ್ತಿದೆ. ಇದು ಶರಣರು ನಡೆದಾಡಿದ ನಾಡು. ಎಂ.ಕೆ. ಹುಬ್ಬಳ್ಳಿಯಲ್ಲಿ ಮಲಪ್ರಭೆಯ ಮಡಿಲಲ್ಲೇ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವಿದೆ. ಕಾಯಕವನ್ನು ಪೂಜೆಗೂ ಮಿಗಿಲೆಂದು ತಿಳಿದ ಮಣ್ಣಿನಲ್ಲಿ ಕೆಲಸವಿಲ್ಲದ ಎರಡು ದಿನವನ್ನು ಕೊಂಡಾಡುವುದು ತಪ್ಪಲ್ಲವೇ? ನಾನು ಇದನ್ನು ಬಹಳ ಯೋಚಿಸಿದ್ದೇನೆ. ಶರಣರು ಒಪ್ಪದಿದ್ದದ್ದು ದುಡಿಯದೆ ಇನ್ನೊಬ್ಬರ ಬೆವರಿನ ಮೇಲೆ ಉಣ್ಣುವುದನ್ನು. ದುಡಿದವನು ದಣಿವಾರಿಸಿಕೊಳ್ಳುವುದನ್ನು ಅವರು ಬೇಡವೆಂದಿಲ್ಲ. ಕಾಯಕದ ಹಿಂದೆ ಆಸೆಯ ಬೆನ್ನಟ್ಟಬಾರದು, ಅಂದಿಗೆ ಬೇಕಾದಷ್ಟು ಸಾಕು ಎಂಬ ತಿಳಿವೂ ಇತ್ತು. ಹಾಗಾದರೆ ಸಾಕು ಎನ್ನುವ ಗಳಿಗೆಯೊಂದು ಕಾಯಕದೊಳಗೇ ಇರಬೇಕು. ಆ ಗಳಿಗೆಯೇ ಇಲ್ಲದ ದುಡಿಮೆಗೆ ಕಾಯಕವೆಂದು ಹೆಸರಿಡುವುದು ಶರಣರಿಗೆ ಮಾಡುವ ಅನ್ಯಾಯ.

ಇನ್ನೊಂದು ಮಾತನ್ನು ಬೈಲಹೊಂಗಲದಲ್ಲಿ ನಿಂತು ಮರೆಯಲಾಗದು. 1824ರ ಅಕ್ಟೋಬರ್ 23ರಂದು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಸೈನ್ಯವನ್ನು ಸೋಲಿಸಿದ ಕಿತ್ತೂರಿನ ರಾಣಿ ಚೆನ್ನಮ್ಮ, ಆ ವರ್ಷದ ಕೊನೆಗೆ ಕೋಟೆ ಬಿದ್ದ ಮೇಲೆ ಸೆರೆಯಾದಳು. ಅವಳನ್ನು ಇಟ್ಟದ್ದು ಬೈಲಹೊಂಗಲದ ಕೋಟೆಯಲ್ಲಿ. 1829ರಲ್ಲಿ ಕಣ್ಣು ಮುಚ್ಚುವವರೆಗೆ ನಾಲ್ಕು ವರ್ಷಕ್ಕೂ ಮಿಕ್ಕಿ ಅವಳಿಗೆ ರಾಜ್ಯದ ಯಾವ ಕೆಲಸವೂ ಇರಲಿಲ್ಲ. ಪೂಜೆ, ಪುರಾಣಗಳಲ್ಲಿ ದಿನ ಕಳೆದಳೆನ್ನುತ್ತಾರೆ. ಸಮಾಧಿಯ ಎದುರು ನಿಂತಾಗ ಆ ದಿನಗಳ ಭಾರ ಎದೆಗೆ ತಟ್ಟುತ್ತದೆ. ಕೆಲಸವಿಲ್ಲದ ದಿನವೆಲ್ಲ ಬಿಡುವಿನ ದಿನವಾಗುವುದಿಲ್ಲ. ಮಳೆ ಕೈಕೊಟ್ಟು ಕೂಲಿ ಸಿಗದೆ ಕಟ್ಟೆಯ ಮೇಲೆ ಕೂತವನದು, 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಮನೆ ಬಿಟ್ಟು ಪರಿಹಾರ ಕೇಂದ್ರದಲ್ಲಿ ದಿನ ತಳ್ಳಿದ ರಾಮದುರ್ಗದ ಕಡೆಯವರದು, ಅದನ್ನು ವಿಶ್ರಾಂತಿ ಎಂದರೆ ನಾಲಿಗೆ ಸುಟ್ಟೀತು. ಎದ್ದು ಹೋಗಬಲ್ಲೆ ಎಂಬ ಸ್ವಾತಂತ್ರ್ಯ ಇದ್ದವನು ಕೂತರೆ ಮಾತ್ರ ಅದು ಕೂಡುವುದು.

ಶನಿವಾರ ರಾತ್ರಿ ಊಟಕ್ಕೆ ಕೂತಾಗ ನಾನು ಇವೆಲ್ಲವನ್ನೂ ಅಣ್ಣನ ಮುಂದೆ ಉತ್ಸಾಹದಿಂದ ಹೇಳುತ್ತಿದ್ದೆ. ಎತ್ತಿನ ಸೋಮವಾರದ ಮಾತೂ ಬಂತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ವೈನಿ ಕೈ ನಿಲ್ಲಿಸದೆ ಕೇಳಿದರು: "ಎತ್ತಿಗೆ ಸೋಮವಾರ ಐತಿ, ನಿಮಗ ಐತವಾರ ಐತಿ. ನಮಗ ಯಾ ವಾರ ಐತಿ ಹೇಳ್ರಿ?"

ಉತ್ತರ ನಮ್ಮಿಬ್ಬರಲ್ಲೂ ಇರಲಿಲ್ಲ. ಬಸವಣ್ಣನ ವಾರ ಎತ್ತಿನ ಮೈ ತೊಳೆಯುವ ನಾವು, ಅದೇ ವಾರ ಅದೇ ಮನೆಯಲ್ಲಿ ಹೊತ್ತೇಳುವ ಮೊದಲು ರೊಟ್ಟಿಯ ಹಿಟ್ಟು ನಾದುವ ಕೊಣಮಿಗೆಯ ಮುಂದೆ ಕೂಡುವವರನ್ನು ಎಣಿಕೆಗೇ ಹಿಡಿದಿರಲಿಲ್ಲ. ಗೊತ್ತುಗುರಿಯಿಲ್ಲದೆ ತಿರುಗಾಡುವ ನನ್ನ ಎರಡು ದಿನ ಹೊತ್ತು ಹೊತ್ತಿಗೆ ಬೀಳುವ ರೊಟ್ಟಿಯ ಮೇಲೆ ನಿಂತಿತ್ತು. ಯಾರದೋ ಕೈ ಬಿಡುವಿಲ್ಲದೆ ನಡೆದಿದ್ದರಿಂದಲೇ ನನ್ನ ಕಾಲಿಗೆ ಬಿಡುವು. ರಜೆಯ ಬಗ್ಗೆ ಬರೆಯುವವರು, ಮಾತಾಡುವವರು ಮೊದಲು ಇತ್ಯರ್ಥ ಮಾಡಬೇಕಾದ ಬಾಕಿ ಇದು. ಅಣ್ಣ, "ನಾಳೆ ಖಾನಾವಳಿಯಿಂದ ತರಸೂಣು" ಎಂದ. ವೈನಿ ಅದಕ್ಕೂ ನಕ್ಕರು. ಖಾನಾವಳಿಯಲ್ಲಿ ಐತವಾರ ರೊಟ್ಟಿ ಬಡಿಯುವವರೂ ಹೆಣ್ಣುಮಕ್ಕಳೇ ಅಲ್ಲವೇ?

ಕೊನೆಗೆ ಐತವಾರ ಮುಂಜಾನೆ ವೈನಿ ಪಕ್ಕದ ಮನೆಯ ಅಕ್ಕನ ಜೊತೆ ಸೊಗಲಕ್ಕೆ ಹೊರಟರು. ಯಾವ ಬಸ್ಸಿಗೆ, ಎಷ್ಟೊತ್ತಿಗೆ ವಾಪಸ್ಸು ಎಂದು ಅಣ್ಣ ಕೇಳಿದ, ಗೊತ್ತಿಲ್ಲ ಎಂದರು. ಹಿಂದಿನ ವಾರದ ಖಡಕ್ ರೊಟ್ಟಿ ಇದ್ದವು. ಅಣ್ಣ ಅನ್ನಕ್ಕಿಟ್ಟ, ನಾನು ಬದನೆಕಾಯಿ ಹೆಚ್ಚಿದೆ, ಉಂಡ ಮೇಲೆ ಭಾಂಡೆ ತಿಕ್ಕಿದೆವು. ಹೊತ್ತು ಮುಳುಗಿದರೂ ಅವರು ಬರಲಿಲ್ಲ. ಅಣ್ಣ ಎರಡು ಸಲ ಬಾಗಿಲಿಗೆ ಹೋಗಿ ಬಂದ. ಫೋನು ಮಾಡಲು ಮಾತ್ರ ನಾನು ಬಿಡಲಿಲ್ಲ. ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಬಂದರು. ಸೊಗಲದ ಜಲಧಾರೆ ಸಣ್ಣದಾಗಿತ್ತಂತೆ. ಗುಡಿಯ ಕಟ್ಟೆಯ ಮೇಲೆ ಮಾತಾಡುತ್ತ ಕೂತದ್ದರಲ್ಲಿ ಒಂದು ಬಸ್ಸು ಹೋಯಿತು, ಕೂತಲ್ಲೇ ಇನ್ನೊಂದೂ ಹೋಯಿತಂತೆ. "ಯಾಕ ಇಷ್ಟ ತಡಾ ಆತು?" ಎಂದ ಅಣ್ಣ.

"ಏನೂ ಕೆಲಸ ಇರಲಿಲ್ಲ, ಅದಕ್ಕ ತಡಾ ಆತು" ಎಂದರು ವೈನಿ, ನಾವು ಮಾಡಿದ ಪಲ್ಲೆಗೆ ಉಪ್ಪು ಹಾಕಿಕೊಳ್ಳುತ್ತ. ಮುಂದಿನ ಐತವಾರ ಓಣಿಯ ಇನ್ನೂ ಇಬ್ಬರು ಅವರ ಜೊತೆ ಹೊರಡುತ್ತಾರಂತೆ. ಎಲ್ಲಿಗೆಂದು ಇನ್ನೂ ಗೊತ್ತು ಮಾಡಿಲ್ಲ.