ಮೊದಲ ಅನುಮಾನ ಯಾರ ಮೇಲೆ?

ಲ್ಯಾಪ್‌ಟಾಪ್ ಕೆಟ್ಟರೆ ದಾರಿ ಸುಲಭ. ಮುಚ್ಚಳದ ಮೇಲೆ ಒಂದು ಕಂಪನಿಯ ಹೆಸರಿರುತ್ತದೆ, ಆ ಕಂಪನಿಗೊಂದು ಫೋನ್ ನಂಬರ್ ಇರುತ್ತದೆ. ಬಿಡಿಭಾಗ ತಂದು ಮನೆಯಲ್ಲೇ ಜೋಡಿಸಿಕೊಂಡ ಡೆಸ್ಕ್‌ಟಾಪ್ ಕೆಟ್ಟರೆ ಹಾಗಲ್ಲ. ಪ್ರೊಸೆಸರ್ ಒಬ್ಬರದು, ಮದರ್‌ಬೋರ್ಡ್ ಇನ್ನೊಬ್ಬರದು, ರ‍್ಯಾಮ್ ಮತ್ತೊಬ್ಬರದು, ಪವರ್ ಸಪ್ಲೈ ಮಗದೊಬ್ಬರದು. ಒಂದೊಂದಕ್ಕೂ ಬೇರೆ ವಾರಂಟಿ, ಬೇರೆ ಸರ್ವಿಸ್ ಸೆಂಟರ್. ಯಾರನ್ನು ಕೇಳಿದರೂ ಬೆರಳು ಪಕ್ಕದವರ ಕಡೆ ತಿರುಗುತ್ತದೆ. ಹಾಗಾಗಿ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮೊದಲೇ ಒಂದು ತೀರ್ಮಾನ ಆಗಬೇಕು: ಅನುಮಾನ ಮೊದಲು ಯಾರ ಮೇಲೆ? ನೋಡಲು ಇದು ತಾಂತ್ರಿಕ ಪ್ರಶ್ನೆ. ಇದರೊಳಗೆ ನ್ಯಾಯದ ಪ್ರಶ್ನೆಯೂ ಒಂದು ಅಡಗಿದೆ ಎಂಬುದು ನನ್ನ ವಾದ.

ಅನುಭವಸ್ಥರಲ್ಲಿ ಒಂದು ಸರದಿ ರೂಢಿಯಾಗಿದೆ. ಮೊದಲು ಸಡಿಲವಾದ ಕೇಬಲ್. ಆಮೇಲೆ ರ‍್ಯಾಮ್ ಕಿತ್ತು ಮತ್ತೆ ಕೂರಿಸುವುದು. ಆಮೇಲೆ ಡ್ರೈವರ್, ವಿಂಡೋಸ್. ಆಮೇಲೆ ಪವರ್ ಸಪ್ಲೈ, ಮದರ್‌ಬೋರ್ಡ್. ಕಟ್ಟಕಡೆಗೆ ಪ್ರೊಸೆಸರ್. ಈ ಸರದಿಯಲ್ಲಿ ವಿವೇಕವಿದೆ. ಪ್ರೊಸೆಸರ್ ಕೆಡುವುದು ಅಪರೂಪ. ಕೆಟ್ಟಿದೆಯೆಂದು ತೋರಿಸಲು ಅದೇ ಸಾಕೆಟ್ಟಿನ ಇನ್ನೊಂದು ಪ್ರೊಸೆಸರ್ ಕೈಯಲ್ಲಿರಬೇಕು, ಯಾರ ಮನೆಯಲ್ಲಿರುತ್ತದೆ? ಸುಲಭವಾದದ್ದನ್ನು ಮೊದಲು ನೋಡು, ಕಷ್ಟದ್ದನ್ನು ಕೊನೆಗೆ ನೋಡು ಎನ್ನುವುದರಲ್ಲಿ ಯಾರಿಗೂ ಅನ್ಯಾಯವಿಲ್ಲ.

ಆದರೆ ಈ ಸರದಿಯ ನೆರಳಿನಲ್ಲಿ ಇನ್ನೊಂದು ಸರದಿ ಸದ್ದಿಲ್ಲದೆ ಬಂದು ಕೂರುತ್ತದೆ. ದುಬಾರಿಯಾದದ್ದು ತಪ್ಪು ಮಾಡುವುದಿಲ್ಲ, ನಾವೇ ಆರಿಸಿ ತಂದದ್ದಂತೂ ಮಾಡುವುದೇ ಇಲ್ಲ. ಇಂಟೆಲ್ಲೋ ಎಎಂಡಿಯೋ, ಹೆಚ್ಚು ಕೋರ್ ಬೇಕೋ ದೊಡ್ಡ ಕ್ಯಾಶ್ ಬೇಕೋ ಎಂದು ವಾರಗಟ್ಟಲೆ ವಾದ ಮಾಡಿದವರನ್ನು ನೋಡಿ. ಡಬ್ಬ ಮನೆಗೆ ಬರುವ ಹೊತ್ತಿಗೆ ಅದು ಬರೀ ಚಿಪ್ ಆಗಿ ಉಳಿದಿರುವುದಿಲ್ಲ, ತಮ್ಮ ಬುದ್ಧಿವಂತಿಕೆಗೆ ಸಾಕ್ಷಿಯಾಗಿರುತ್ತದೆ. ಅದರ ಮೇಲೆ ಅನುಮಾನಪಟ್ಟರೆ ತಮ್ಮ ಮೇಲೇ ಅನುಮಾನಪಟ್ಟ ಹಾಗೆ. 2023ರಲ್ಲಿ ಎಎಂಡಿಯ ಕೆಲವು ಎಕ್ಸ್3ಡಿ ಪ್ರೊಸೆಸರ್‌ಗಳು ವೋಲ್ಟೇಜ್ ಹೆಚ್ಚಾಗಿ ಸಾಕೆಟ್ಟಿನಲ್ಲೇ ಸುಟ್ಟವು, ಬಯಾಸ್ ಬದಲಿಸಿ ಆ ವೋಲ್ಟೇಜಿಗೆ 1.3ರ ಮಿತಿ ಹಾಕಬೇಕಾಯಿತು. ಆಗ ಇಂಟೆಲ್ ಬಳಗ ನಕ್ಕಿತು. ಮರುವರ್ಷ ನಗುವ ಪಾಳಿ ಆ ಕಡೆಯವರದು.

ಆ ಮರುವರ್ಷದ್ದು ಹೇಳಲೇಬೇಕಾದ ಕಥೆ. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಲ್ಲಿ ಆಟಗಳು ನಡುವೆಯೇ ನಿಂತುಹೋಗುತ್ತಿದ್ದವು. ತೆರೆಯ ಮೇಲೆ ಬರುತ್ತಿದ್ದ ಸಂದೇಶ ಏನು ಗೊತ್ತೆ? ವಿಡಿಯೋ ಮೆಮೊರಿ ಸಾಲದು ಎಂದು! ಓದಿದವರು ಸಹಜವಾಗಿಯೇ ಗ್ರಾಫಿಕ್ಸ್ ಕಾರ್ಡನ್ನು ಬೈದರು, ಆಟ ಬರೆದವರನ್ನು ಬೈದರು. ಗ್ರಾಫಿಕ್ಸ್ ಕಾರ್ಡ್ ಮಾಡುವ ಎನ್ವಿಡಿಯಾ ಕೊನೆಗೆ, ಇದಕ್ಕೆ ಇಂಟೆಲ್ ಅನ್ನು ಕೇಳಿ ಎಂದಿತು. ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದ್ದದ್ದು ಪ್ರೊಸೆಸರ್ರೇ. 2024ರ ಆಗಸ್ಟ್‌ನಲ್ಲಿ ತಿದ್ದುಪಡಿ ಬಂತು, ವಾರಂಟಿ ಎರಡು ವರ್ಷ ಹೆಚ್ಚಿತು. ಅಷ್ಟರಲ್ಲಿ ಸವೆದುಹೋಗಿದ್ದ ಚಿಪ್ಪುಗಳಿಗೆ ತಿದ್ದುಪಡಿಯಿಂದ ಪ್ರಯೋಜನವಾಗಲಿಲ್ಲ.

ಗ್ರಾಫಿಕ್ಸ್ ಕಾರ್ಡಿಗೆ ಮಾನಾಪಮಾನವಿಲ್ಲ, ಬಿಡಿ. ಮನುಷ್ಯನ ವಿಷಯಕ್ಕೆ ಬರುತ್ತೇನೆ.

ಡೊಂಬಿವಲಿಯಲ್ಲಿ ನನ್ನ ಗೆಳೆಯರೊಬ್ಬರಿದ್ದಾರೆ, ನಮ್ಮ ಕನ್ನಡ ಸಂಘದವರು. ಮಗನ ವಿಡಿಯೋ ಎಡಿಟಿಂಗ್‌ಗೆಂದು ಕಂಪ್ಯೂಟರ್ ಮಾಡಿಸಿದರು. ಭಾಗಗಳನ್ನೆಲ್ಲ ಆರಿಸಿದವನು ಮಗ. ಜೋಡಿಸಿಕೊಟ್ಟವನು ಲ್ಯಾಮಿಂಗ್ಟನ್ ರೋಡಿನ ಅಂಗಡಿಯೊಂದರ ಹುಡುಗ, ಇಪ್ಪತ್ತೆರಡರ ಆಸುಪಾಸು. ತಿಂಗಳೊಳಗೆ ಯಂತ್ರ ತೊಂದರೆ ಕೊಡತೊಡಗಿತು. ಎಡಿಟ್ ಮಾಡಿದ್ದನ್ನು ಎಕ್ಸ್‌ಪೋರ್ಟ್‌ಗೆ ಹಾಕಿದರೆ ನೀಲಿ ಪರದೆ. ಅದೂ ಯಾವಾಗಲೂ ಅಲ್ಲ. ಅವನು ಬಂದು ಕೂತಾಗಂತೂ ಇಲ್ಲವೇ ಇಲ್ಲ. ಗ್ರಾಂಟ್ ರೋಡಿನಲ್ಲಿ ಲೋಕಲ್ ಹತ್ತಿ, ದಾದರಿನಲ್ಲಿ ಬದಲಿಸಿ, ಅವನು ಮೂರು ಸಲ ಬಂದ. ಎರಡನೇ ಸಲಕ್ಕೆ ಮನೆಯಲ್ಲಿ ಮಾತು ಬಲಿತಿತ್ತು: ಜೋಡಿಸುವಾಗ ಏನೋ ಎಡವಟ್ಟು ಮಾಡಿದ್ದಾನೆ, ಇಲ್ಲವೇ ಹೊಸ ಭಾಗ ತೆಗೆದು ಹಳೆಯದು ಹಾಕಿದ್ದಾನೆ. ಗೆಳೆಯರು ಅಂಗಡಿಯ ಮಾಲೀಕರಿಗೆ ಫೋನ್ ಮಾಡಿ ಇದನ್ನೇ ಹೇಳಿದರು. ಹುಡುಗ ಪಕ್ಕದಲ್ಲೇ ಕೂತಿದ್ದ. ಕನ್ನಡ ಬರದಿದ್ದರೂ ಹಿಂದಿ ಬರುತ್ತದಲ್ಲ.

ಮೂರನೇ ಸಲ ಅವನು ಪೆನ್‌ಡ್ರೈವ್ ತಂದ. ಅದರಲ್ಲಿ ಮೆಮ್‌ಟೆಸ್ಟ್ ಇತ್ತು. ಕೇಳಿದ್ದು ಇಷ್ಟೇ: ‘ರಾತ್ರಿಯಿಡೀ ಓಡಲಿ ಅಂಕಲ್, ಆಫ್ ಮಾಡಬೇಡಿ.’ ಅವತ್ತು ಅಲ್ಲಿದ್ದ ನಾನು ಬೆಳಿಗ್ಗೆ ಫಲಿತಾಂಶ ಓದಿಕೊಡುವ ಕೆಲಸ ಒಪ್ಪಿಕೊಂಡೆ. ಬೆಳಿಗ್ಗೆ ಹೋದಾಗ ತೆರೆ ತುಂಬ ಕೆಂಪು ಸಾಲುಗಳು. ಫೋನಿನಲ್ಲಿ ಅವನು ಹೇಳಿದಂತೆ ಎರಡು ರ‍್ಯಾಮ್ ಪಟ್ಟಿಗಳನ್ನೂ ಒಂದೇ ಸ್ಲಾಟ್‌ನಲ್ಲಿ ಒಂದೊಂದಾಗಿ, ವೇಗ ಏರಿಸದೆ, ಹಾಕಿ ನೋಡಿದೆ. ಒಂದರಲ್ಲಿ ತಪ್ಪೇ ಇಲ್ಲ, ಇನ್ನೊಂದರಲ್ಲಿ ತಪ್ಪುಗಳ ಸುರಿಮಳೆ. ಸ್ಲಾಟ್ ಅದೇ, ಬೋರ್ಡ್ ಅದೇ, ಪ್ರೊಸೆಸರ್ ಅದೇ. ಡಬ್ಬದ ಮೇಲಿದ್ದ ಸೀರಿಯಲ್ ನಂಬರ್ ಪಟ್ಟಿಯ ನಂಬರಿಗೆ ತಾಳೆಯಾಯಿತು. ಹುಟ್ಟಿನಿಂದಲೇ ಕೆಟ್ಟ ರ‍್ಯಾಮ್, ಮಗ ಹುಡುಕಿ ಹುಡುಕಿ ಆರಿಸಿದ್ದು.

ಜೋಡಿಸಿದ ಕೈಯನ್ನು ಮೊದಲು ಪರೀಕ್ಷಿಸಬಾರದಿತ್ತೆ? ಪರೀಕ್ಷಿಸಬೇಕಿತ್ತು, ಜೋಡಣೆಯ ತಪ್ಪುಗಳು ಸಾಮಾನ್ಯವೇ. ಆದರೆ ಪರೀಕ್ಷೆಯ ಸರದಿ ಬೇರೆ, ದೂರಿನ ಸರದಿ ಬೇರೆ. ಕೇಬಲ್ಲನ್ನು ಮೊದಲು ಎಳೆದು ನೋಡಿದರೆ ಕೇಬಲ್ಲಿಗೆ ನಷ್ಟವಿಲ್ಲ. ಮನುಷ್ಯನಿಗೆ ಮಾತ್ರ ಮೊದಲು ಶಂಕೆಗೊಳಗಾಗುವುದೇ ಅರ್ಧ ಶಿಕ್ಷೆ. ನಮ್ಮ ಸೊಸೈಟಿಗಳಲ್ಲಿ ಉಂಗುರ ಕಾಣದಾದರೆ ಯಾರ ಚೀಲ ತೆರೆಸುತ್ತಾರೆ ಎಂದು ಗೊತ್ತಲ್ಲ. ಮನೆಗೆಲಸದ ಬಾಯಿಯದು. ಸಂಭವ ಹೆಚ್ಚು ಅನ್ನುತ್ತಾರೆ. ಸಂಭವದ ಲೆಕ್ಕ ಯಾರೂ ಹಾಕಿರುವುದಿಲ್ಲ. ಎದುರು ಮಾತಾಡಲಾರದವರು ಯಾರು ಎಂಬ ಲೆಕ್ಕ ಮಾತ್ರ ಪಕ್ಕಾ ಇರುತ್ತದೆ.

ಪುರಾವೆಯ ಭಾರವೂ ಅವರ ತಲೆಗೇ. ಥಾಮಸ್ ನೈಸ್ಲಿ ಅಮೆರಿಕದ ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದರು. 1994ರ ಜೂನ್‌ನಲ್ಲಿ ಅವಳಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡುವಾಗ ಉತ್ತರ ತಾಳೆಯಾಗಲಿಲ್ಲ. ತಮ್ಮ ಪ್ರೋಗ್ರಾಂ, ಮದರ್‌ಬೋರ್ಡ್ ಎಲ್ಲವನ್ನೂ ಒಂದೊಂದಾಗಿ ತಳ್ಳಿಹಾಕಿ, ತಪ್ಪು ಪೆಂಟಿಯಂ ಪ್ರೊಸೆಸರ್ರಿನದೇ ಎನ್ನಲು ಅವರಿಗೆ ಅಕ್ಟೋಬರ್ ಬಂತು. ಭಾಗಾಕಾರದ ಕೋಷ್ಟಕದಲ್ಲಿ ಕೆಲವು ಮನೆಗಳು ಖಾಲಿ ಬಿದ್ದಿದ್ದವು. ಕಂಪನಿಯ ಒಳಗಿನವರಿಗೆ ಅದು ಆಗಲೇ ಗೊತ್ತಿತ್ತು. ಸಾಮಾನ್ಯ ಬಳಕೆದಾರನಿಗೆ 27,000 ವರ್ಷಕ್ಕೊಮ್ಮೆ ಎದುರಾಗುವ ದೋಷ ಎಂದರು. ಬದಲಿ ಬೇಕಾದರೆ ನಿಮಗೆ ಅಷ್ಟು ನಿಖರತೆ ಯಾಕೆ ಬೇಕೆಂದು ತೋರಿಸಿ ಎಂದರು. ಗದ್ದಲವೆದ್ದ ಮೇಲೆ, ಡಿಸೆಂಬರ್ 20ರಂದು, ಕೇಳಿದವರಿಗೆಲ್ಲ ಬದಲಿಸಿಕೊಡುವುದಾಗಿ ಸಾರಿದರು. 47.5 ಕೋಟಿ ಡಾಲರ್ ಖರ್ಚು. ಒಂದು ಮಾತು ಮಾತ್ರ ಅವರ ಪರ ಹೇಳಬೇಕು: ಊರೆದುರು ಹೇಳಿದ್ದನ್ನು ಊರೆದುರೇ ಹಿಂತೆಗೆದುಕೊಂಡರು.

ನಮ್ಮ ಗೆಳೆಯರು ಕೆಟ್ಟವರಲ್ಲ. ಹುಡುಗನನ್ನು ಕರೆಸಿ ಮೂರು ಸಲದ ಓಡಾಟದ ದುಡ್ಡು ಕೊಟ್ಟರು, ಚಹಾ ಕುಡಿಸಿದರು. ಅವನೂ ಎಣಿಸಿ ಜೇಬಿಗಿಟ್ಟ. ರ‍್ಯಾಮ್ ವಾರಂಟಿಯಲ್ಲಿ ಹೊಸದು ಬಂತು. ಅಂಗಡಿಯ ಮಾಲೀಕರಿಗೆ ಮಾಡಿದ್ದ ಫೋನ್ ಬಗ್ಗೆ ನಾನು ಕೇಳಿದೆ, ಇನ್ನೊಂದು ಫೋನ್ ಮಾಡುತ್ತೀರಾ ಎಂದು.

‘ಮುಗಿದುಹೋಯ್ತಲ್ಲ ಮಾರಾಯ್ರೇ, ಮತ್ತೆ ಯಾಕೆ ಅದನ್ನ ಕೆದಕೋದು?’ ಅಂದರು. ದುಡ್ಡು ಕೊಟ್ಟಾಗಿದೆ ಎಂಬುದು ಅವರ ವಾದ. ಮಾಲೀಕರ ಕಿವಿಯಲ್ಲಿ ಬಿದ್ದ ಮಾತು ಅಲ್ಲೇ ಇದೆ ಎಂಬುದು ನನ್ನದು. ನಾವಿನ್ನೂ ಒಪ್ಪಂದಕ್ಕೆ ಬಂದಿಲ್ಲ.