ಧರ್ಮಕ್ಕೆ ಜಾಹೀರಾತು ಬೇಕೆ?

ಸಾಬೂನಿಗೆ ಜಾಹೀರಾತು ಉಂಟು, ಸೀರೆಗೆ ಉಂಟು, ತಲೆನೋವಿನ ಮಾತ್ರೆಗೂ ಉಂಟು. ಧರ್ಮಕ್ಕೆ ಮಾತ್ರ ಏಕಿರಬಾರದು? ಈ ಪ್ರಶ್ನೆ ಕೇಳಿದೊಡನೆ ನಮ್ಮಲ್ಲಿ ಹಲವರು ಮುಖ ಸಿಂಡರಿಸುತ್ತಾರೆ. ಆದರೆ ಮುಖ ಸಿಂಡರಿಸುವುದು ಉತ್ತರವಲ್ಲ. ತನ್ನ ನಂಬಿಕೆಯಿಂದ ತನಗೆ ಒಳಿತಾಯಿತೆಂದು ತಿಳಿದವನು ಅದನ್ನು ನಾಲ್ವರಿಗೆ ಹೇಳಬಯಸುವುದು ಸಹಜ. ನಮ್ಮ ಸಂವಿಧಾನದ 25ನೆಯ ವಿಧಿಯೂ ಧರ್ಮವನ್ನು ಆಚರಿಸುವ ಹಕ್ಕಿನೊಡನೆ ಅದನ್ನು ಪ್ರಚಾರಮಾಡುವ ಹಕ್ಕನ್ನೂ ಕೊಟ್ಟಿದೆ. ಹೀಗಿರುವಾಗ ಟೆಲಿವಿಷನ್ನಿನ ಬಾಗಿಲನ್ನು ಮುಚ್ಚುವುದು ನ್ಯಾಯವೆ?

ಆ ಬಾಗಿಲನ್ನು ಮುಚ್ಚಿದ ದೇಶಗಳು ಉಂಟು. ಬ್ರಿಟನ್ನಿನಲ್ಲಿ ವಾಣಿಜ್ಯ ಟೆಲಿವಿಷನ್ನಿಗೆ ಅವಕಾಶವಿತ್ತ 1954ರ ಕಾಯಿದೆಯೇ ಧಾರ್ಮಿಕ ಸಂಸ್ಥೆಗಳ ಜಾಹೀರಾತು ಕೂಡದೆಂದಿತು. 1990ರ ಕಾಯಿದೆಯ ಬಳಿಕವೇ ಅಲ್ಲಿ ಷರತ್ತಿನ ಅನುಮತಿ ದೊರೆತದ್ದು. ನಮ್ಮ 1994ರ ಕೇಬಲ್ ಟೆಲಿವಿಷನ್ ನಿಯಮಗಳೂ ಧಾರ್ಮಿಕ ಗುರಿಯ ಜಾಹೀರಾತನ್ನು ಒಪ್ಪುವುದಿಲ್ಲ. ಐರ್ಲೆಂಡಿನಲ್ಲಿ 1995ರಲ್ಲಿ ಒಂದು ಕ್ರೈಸ್ತ ಸಂಘ ಯೇಸುವನ್ನು ಕುರಿತ ವಿಡಿಯೋ ಪ್ರದರ್ಶನಕ್ಕೆ ರೇಡಿಯೋದಲ್ಲಿ ಜಾಹೀರಾತು ಕೊಡಬಯಸಿತು, ಅಪ್ಪಣೆ ಸಿಕ್ಕಲಿಲ್ಲ. ವ್ಯಾಜ್ಯ ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ, 2003ರಲ್ಲಿ ನಿಷೇಧವೇ ಗೆದ್ದಿತು. ಪತ್ರಿಕೆ, ಕರಪತ್ರ, ಸಭೆ ಇವೆಲ್ಲ ಆ ಸಂಘಕ್ಕೆ ತೆರೆದೇ ಇದ್ದುವು. ಆದರೆ ರೇಡಿಯೋ, ಟೆಲಿವಿಷನ್ನುಗಳ ಮಾತು ಸುಮ್ಮನೆ ಕುಳಿತವನ ಮೇಲೆ ಬಂದು ಬೀಳುತ್ತದೆ, ಹಣವುಳ್ಳ ಪಂಥಕ್ಕೆ ಅಲ್ಲಿ ಮೇಲುಗೈಯಾಗುತ್ತದೆ ಎಂಬ ವಾದಗಳನ್ನು ನ್ಯಾಯಾಲಯ ಮನ್ನಿಸಿತು.

ಹಣದ ಮಾತು ಸಣ್ಣದಲ್ಲ. ಅಮೆರಿಕದಲ್ಲಿ 2024ರ ಸೂಪರ್ ಬೌಲ್ ಫುಟ್‌ಬಾಲ್ ಪಂದ್ಯದ ನಡುವೆ, ಒಬ್ಬರ ಕಾಲನ್ನು ಇನ್ನೊಬ್ಬರು ತೊಳೆಯುವ ಚಿತ್ರಗಳ ಮೂಲಕ ಯೇಸುವನ್ನು ನೆನಪಿಸುವ ಜಾಹೀರಾತೊಂದು ಬಂದಿತು. ಆ ಪಂದ್ಯದಲ್ಲಿ 30 ಸೆಕೆಂಡಿಗೆ ಸುಮಾರು 70 ಲಕ್ಷ ಡಾಲರ್ ಬೆಲೆ. ಚಿತ್ರಗಳು ಕೆಟ್ಟವಲ್ಲ, ಸಂದೇಶವಂತೂ ಸೊಗಸಾದುದೇ. ಆದರೂ ಅಷ್ಟು ಹಣದಲ್ಲಿ ಎಷ್ಟು ಬಡವರ ಸೇವೆ ನಡೆಯುತ್ತಿತ್ತೆಂದು ಅಲ್ಲಿಯ ಜನರೇ ಕೇಳಿದರು. ನಮ್ಮ ಕಡೆಗೆ ಬಂದರೆ, ಊರ ಹೊರಗಿನ ಬೇವಿನ ಮರದಡಿಯ ಮಾರಮ್ಮನಿಗೆ ಆ ಬೆಲೆಯನ್ನು ಕೊಡುವವರು ಯಾರು?

ಆದರೆ ಮುಖ್ಯವಾದ ಆಕ್ಷೇಪ ಹಣದ್ದಲ್ಲ. ದಾಸರು ಬೀದಿಯಲ್ಲಿ ಹಾಡಲಿಲ್ಲವೆ, ಹರಿಕಥೆಯವರು ಊರೂರು ತಿರುಗಲಿಲ್ಲವೆ, ಅದೂ ಜಾಹೀರಾತೇ ಅಲ್ಲವೆ ಎಂದು ಯಾರಾದರೂ ಕೇಳಬಹುದು. ಅದು ಬೇರೆ, ಇದು ಬೇರೆ. ದಾಸಯ್ಯ ಬಾಗಿಲಿಗೆ ಬಂದರೆ 'ಮುಂದೆ ಹೋಗಪ್ಪ' ಎನ್ನಬಹುದಾಗಿತ್ತು. ಟೆಲಿವಿಷನ್ನಿಗೂ ಗುಂಡಿಯುಂಟು, ಆರಿಸಬಹುದು, ನಿಜ. ಆದರೆ ದಾಸಯ್ಯನನ್ನು ನಿಲ್ಲಿಸಿ ಪ್ರಶ್ನೆ ಕೇಳಬಹುದಾಗಿತ್ತು; ಅವನ ನಡೆ ಊರಿಗೆಲ್ಲ ಕಾಣುತ್ತಿತ್ತು; ನುಡಿಯನ್ನು ನಡೆಯೊಡನೆ ಜನ ತಾಳೆಹಾಕಿ ನೋಡುತ್ತಿದ್ದರು. ಜಾಹೀರಾತಿನಲ್ಲಿ ಮಾತನಾಡುವವನನ್ನು ನಾವು ಏನೆಂದು ಕೇಳುವುದು? ಅವನು ಹೇಳಿ ಮುಗಿಸುವಷ್ಟರಲ್ಲಿ ಹಲ್ಲುಪುಡಿ ಬಂದಿರುತ್ತದೆ.

ಇನ್ನೊಂದು ಮಾತು. ನಿಮಗೆ ಏನು ದೊರೆಯುತ್ತದೆ ಎಂಬುದನ್ನೇ ಜಾಹೀರಾತು ಹೇಳುತ್ತದೆ. ನೀವು ಏನನ್ನು ಬಿಡಬೇಕಾಗುತ್ತದೆ ಎಂಬುದನ್ನು ಹೇಳುವುದಿಲ್ಲ. ಧರ್ಮವಾದರೋ ಮೊದಲು ಬಿಡುವುದನ್ನೇ ಕೇಳುತ್ತದೆ. ಸುಳ್ಳನ್ನು ಬಿಡು, ಹಗೆಯನ್ನು ಬಿಡು, ಇದ್ದುದರಲ್ಲಿ ಹಂಚಿಕೊಂಡು ಉಣ್ಣು ಎನ್ನುತ್ತದೆ. ಇದನ್ನು ಮಾರುವುದು ಕಷ್ಟ. ಮಾರಲೇಬೇಕೆಂದರೆ ಸರಕು ಬದಲಾಗಬೇಕು: ನೌಕರಿ, ಸಂತಾನ, ಸಂಪತ್ತು, ಆರೋಗ್ಯ. ಹನುಮಂತನ ಹೆಸರಿನ ಯಂತ್ರಗಳು ಟೆಲಿವಿಷನ್ನಿನಲ್ಲಿ ಮಾರಾಟವಾದದ್ದು ಹೀಗೆಯೇ. ದೈವೀಶಕ್ತಿಯ ಭರವಸೆ ಕೊಟ್ಟು ಇಂಥವನ್ನು ಮಾರುವ ಜಾಹೀರಾತು ಕಾನೂನಿಗೆ ವಿರುದ್ಧವೆಂದು 2021ರ ಜನವರಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಔರಂಗಾಬಾದ್ ಪೀಠ ತೀರ್ಪಿತ್ತಿತು. ಜ್ವರದ ಮಗುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಎಚ್ಚರವಿರುವ ತಾಯಿಗೆ ಇಂಥ ಭರವಸೆ ಏನು ಮಾಡೀತೆಂದು ಯೋಚಿಸಿದರೆ ಆ ತೀರ್ಪಿನ ಬೆಲೆ ತಿಳಿಯುತ್ತದೆ. ಅವಳ ಭಕ್ತಿಯಲ್ಲಿ ದೋಷವಿಲ್ಲ. ಅದಕ್ಕೆ ಬೆಲೆ ಕಟ್ಟಿದವನಲ್ಲಿ ದೋಷವಿದೆ.

ಹಾಗೆಂದು ಧರ್ಮ ಬಾಯಿ ಮುಚ್ಚಿಕೊಂಡಿರಬೇಕೆ? ಬೇಡ. ಜಾತ್ರೆ ಎಂದು, ಉಪನ್ಯಾಸ ಎಲ್ಲಿ, ಪ್ರಾರ್ಥನೆ ಎಷ್ಟು ಗಂಟೆಗೆ ಎಂದು ತಿಳಿಸುವುದರಲ್ಲಿ ಯಾರಿಗೂ ನಷ್ಟವಿಲ್ಲ. ವಾದಸಂವಾದಗಳೂ ನಡೆಯಲಿ. ಆಸೆ ತೋರಿಸುವ, ಅಂಜಿಸುವ, ಇನ್ನೊಬ್ಬರ ನಂಬಿಕೆಯನ್ನು ಕೀಳುಮಾಡುವ ಮಾತಿಗೆ ಮಾತ್ರ ಕಾಯಿದೆ ಅಡ್ಡ ನಿಲ್ಲಲಿ. ಮಿಕ್ಕುದಕ್ಕೆ ಧರ್ಮದವರೇ ಕಡಿವಾಣ ಹಾಕಿಕೊಳ್ಳಬೇಕು.

ಈ ಬುದ್ಧಿ ನಮಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1980ರ ದಶಕದಲ್ಲಿ, ಕಾಳಿಯ ಗುಡಿಯ ಮಾಡು ಕುಸಿದ ಬಳಿಕ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ದೊರೆಯಿತು. ಅವನ ಹನ್ನೆರಡನೆಯ ಶಾಸನವೂ ಅಲ್ಲಿದೆ. ತನ್ನ ಪಂಥವನ್ನು ಹೊಗಳಿ ಇತರರದನ್ನು ತೆಗಳುವವನು ತನ್ನ ಪಂಥಕ್ಕೇ ಕೇಡು ಮಾಡುತ್ತಾನೆ, ಮಾತಿಗೆ ಹಿಡಿತವಿರಬೇಕು ಎಂಬುದು ಅದರ ತಾತ್ಪರ್ಯ. ಹೀಗೆಂದವನೂ ಧರ್ಮಪ್ರಚಾರಕನೇ, ಸಾಮ್ರಾಟನೇ. ಬಂಡೆಬಂಡೆಯ ಮೇಲೂ ಬರೆಯಿಸುವ ಶಕ್ತಿಯಿದ್ದವನು ಬರೆಯಿಸಿದ್ದು ಈ ಮಾತನ್ನು.

ತುಮಕೂರಿನ ಸಿದ್ಧಗಂಗೆಯಲ್ಲಿ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ ಮತ್ತು ಅಕ್ಷರ ದೊರೆಯುತ್ತಿವೆ. ಆ ಪಂಕ್ತಿಯನ್ನು ಒಮ್ಮೆ ಕಂಡವನಿಗೆ ಅಲ್ಲಿಯ ಧರ್ಮ ಯಾವುದೆಂದು 30 ಸೆಕೆಂಡಿನಲ್ಲಿ ಬಿಡಿಸಿ ಹೇಳಬೇಕಾದದ್ದಿಲ್ಲ.